ಹತ್ತನೇ ತರಗತಿಗೆ ರಸಾಯನಶಾಸ್ತ್ರದ ಮೂಲಪಾಠಗಳ ಪುನರಾವರ್ತನೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ – ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಸೇತುಬಂಧದ (ವರ್ಷಾರಂಭದಲ್ಲಿ ಹಿಂದಿನ ಪಾಠಗಳನ್ನು ನೆನಪಿಸುವ) ಅವಧಿಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಹಿಂದಿನ ವರ್ಷದ ರಸಾಯನಶಾಸ್ತ್ರವನ್ನು ಮತ್ತೊಮ್ಮೆ ನೆನಪಿಸಬೇಕಾಗಿದೆ. ಪರಮಾಣು, ಅಣು, ಧಾತು, ಸಂಯುಕ್ತ ಎಂದರೇನು ಎಂದು ಕೇಳಿದರೆ ವ್ಯಾಖ್ಯೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ; ಆದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಸೂತ್ರ ಬರೆಯಿರಿ ಎಂದರೆ ಹಲವರು ಸುಮ್ಮನಾಗುತ್ತಾರೆ, ಸಮೀಕರಣ ಸರಿದೂಗಿಸುವಾಗ ಸೂತ್ರದೊಳಗಿನ ಸಣ್ಣ ಅಂಕಿಯನ್ನೇ ಬದಲಿಸಿಬಿಡುತ್ತಾರೆ. ಇರುವ ಕೆಲವೇ ಪೀರಿಯಡ್‌ಗಳಲ್ಲಿ ಎಲ್ಲ ಅಧ್ಯಾಯಗಳನ್ನೂ ಮೇಲ್ಮೇಲೆ ಮುಟ್ಟಿಹೋಗುವುದು ಸರಿಯೇ, ಅಥವಾ ಯಾವುದಾದರೂ ಒಂದನ್ನು ಹಿಡಿದು ಆಳಕ್ಕೆ ಇಳಿಯಬೇಕೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 – ನಿವೃತ್ತ ಶಿಕ್ಷಕ

ಮೇಡಂ, ಅಧ್ಯಾಯಗಳ ಕ್ರಮವನ್ನು ಬಿಟ್ಟು ಒಂದೇ ವಸ್ತುವನ್ನು ಹಿಡಿದು ಹೋಗಿ ಎಂಬುದು ನನ್ನ ದೃಢವಾದ ಸಲಹೆ. ನಾನು ಆರಿಸಿಕೊಳ್ಳುವುದು ಸುಣ್ಣವನ್ನು. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಸುಟ್ಟ ಸುಣ್ಣವೂ (ಕ್ಯಾಲ್ಸಿಯಂ ಆಕ್ಸೈಡ್) ಕಾರ್ಬನ್ ಡೈಆಕ್ಸೈಡೂ ಬೇರೆಯಾಗುತ್ತವೆ. ಇದು ಶಾಖವನ್ನು ಹೀರಿಕೊಳ್ಳುವ ವಿಭಜನೆ ಕ್ರಿಯೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಬುಸುಗುಟ್ಟುತ್ತ ಅರಳುತ್ತದೆ. ಇದು ಶಾಖವನ್ನು ಹೊರಹಾಕುವ ಸಂಯೋಗ ಕ್ರಿಯೆ. ಅರಳಿದ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಗೋಡೆಗೆ ಬಳಿದಾಗ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅದರೊಡನೆ ನಿಧಾನವಾಗಿ ವರ್ತಿಸಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾಗುತ್ತದೆ. ಕಲ್ಲಿನಿಂದ ಹೊರಟದ್ದು ಗೋಡೆಯ ಮೇಲೆ ಅದೇ ಸಂಯುಕ್ತವಾಗಿ ಗಟ್ಟಿಯಾಗುತ್ತದೆ ಎಂದು ತಿಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ರಾಶಿ ಬದಲಾಗುವುದಿಲ್ಲ ಎಂಬ ರಾಶಿ ಸಂರಕ್ಷಣಾ ನಿಯಮವನ್ನೂ ಇಲ್ಲಿಯೇ ಹೇಳಬಹುದು. 100 ಗ್ರಾಂ ಶುದ್ಧ ಸುಣ್ಣಕಲ್ಲು ಪೂರ್ತಿ ಸುಟ್ಟರೆ ಉಳಿಯುವುದು 56 ಗ್ರಾಂ ಮಾತ್ರ. ಮಿಕ್ಕ 44 ಗ್ರಾಂ ಎಲ್ಲಿ ಹೋಯಿತು ಎಂದು ಕೇಳಿ, ಉತ್ತರವನ್ನು ನೀವೇ ಹೇಳದೆ ಕಾಯಿರಿ. ಕಣ್ಣಿಗೆ ಕಾಣದ ಅನಿಲಕ್ಕೂ ತೂಕವಿದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ.

ಒಂದು ಎಚ್ಚರಿಕೆ: ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸವನ್ನು ಮಕ್ಕಳಿಗೆ ಬಿಡಬಾರದು. ಸಿಡಿದ ಹನಿ ಕಣ್ಣಿಗೆ ಬಿದ್ದರೆ ದೊಡ್ಡ ಹಾನಿಯಾಗುತ್ತದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ ಅದು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸಿದರೆ ಸಾಕು. ಅದೂ ಕಣ್ಣಿಗೆ ಕನ್ನಡಕ ಹಾಕಿಸಿ, ನೀರನ್ನು ಒಳಕ್ಕೆ ಎಳೆಯಬಾರದೆಂದು ಹೇಳಿ.

ಉತ್ತರ 2 – ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ

ಗುರುಗಳ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಅವರು ಹೇಳಿದ ಮೂರೂ ಕ್ರಿಯೆಗಳ ಸಮೀಕರಣಗಳು ಯಾವ ಸಂಖ್ಯೆಯನ್ನೂ ಸೇರಿಸದೆ ತಾವಾಗಿಯೇ ಸರಿದೂಗುತ್ತವೆ. ಆದ್ದರಿಂದ ಮಕ್ಕಳು ಎಡವುವ ಜಾಗಕ್ಕೆ ಅವು ತಲುಪುವುದಿಲ್ಲ. ಅದೇ ಅರಳಿದ ಸುಣ್ಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸುವ ತಟಸ್ಥೀಕರಣವನ್ನು ನಾಲ್ಕನೆಯದಾಗಿ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಅಯಾನಿನ (ವಿದ್ಯುದಾವೇಶವುಳ್ಳ ಕಣದ) ಮೇಲೆ ಎರಡು ಧನ ಆವೇಶಗಳಿವೆ, ಹೈಡ್ರಾಕ್ಸೈಡಿನ ಮೇಲೆ ಒಂದೇ ಋಣ ಆವೇಶವಿದೆ. ಹಾಗಾಗಿ ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್ ಬೇಕು. ಆ ಎರಡನ್ನೂ ತಟಸ್ಥಗೊಳಿಸಲು ಎರಡು ಪಾಲು ಆಮ್ಲ ಬೇಕು, ಎರಡು ಪಾಲು ನೀರು ಹುಟ್ಟುತ್ತದೆ. ಸೂತ್ರ ಬರೆಯುವುದೂ ಸರಿದೂಗಿಸುವುದೂ ಒಂದೇ ಎಳೆಯಲ್ಲಿ ಬಂದುಬಿಡುತ್ತವೆ.

ಮೊದಲ ಪೀರಿಯಡ್ಡನ್ನು ಮಾತ್ರ ಸಂಪೂರ್ಣವಾಗಿ ಅಯಾನುಗಳ ಆವೇಶಕ್ಕೆ ಮೀಸಲಿಡಿ. ಪ್ರಥಮ ಪಿಯುಸಿಗೆ ಬರುವ ಎಷ್ಟೋ ಜಾಣ ವಿದ್ಯಾರ್ಥಿಗಳು ಲೆಕ್ಕಗಳಲ್ಲಿ ಸೋಲುವುದು ಸೋಡಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಸಲ್ಫೇಟ್, ಕಾರ್ಬೊನೇಟ್‌ಗಳ ಆವೇಶ ಗೊತ್ತಿಲ್ಲದೆ ಸೂತ್ರವನ್ನೇ ತಪ್ಪಾಗಿ ಬರೆಯುವುದರಿಂದ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೂತ್ರದೊಳಗಿನ ಅಂಕಿಯನ್ನು ಏಕೆ ಬದಲಿಸಬಾರದು ಎಂಬುದನ್ನು ಮಕ್ಕಳ ಮನಸ್ಸಿಗೆ ನಾಟುವಂತೆ ಹೇಳುವುದು ಹೇಗೆ? ಹಾಗೆಯೇ, ಮೋಲ್ ಪರಿಕಲ್ಪನೆಯನ್ನು ಈ ಹಂತದಲ್ಲಿ ತರಬೇಕೇ?

ಉತ್ತರ 3 – ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ

ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನೇ ಬರೆಸಿ. ಎಡಗಡೆ ಎರಡು ಆಕ್ಸಿಜನ್ ಪರಮಾಣುಗಳಿವೆ, ಬಲಗಡೆ ಒಂದೇ ಇದೆ ಎಂದು ಯಾರಾದರೂ ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ 2 ಬರೆದರೆ, ಎಣಿಕೆ ಸರಿಹೋಗುತ್ತದೆ. ಆದರೆ ಅಲ್ಲಿರುವುದು ಈಗ ನೀರಲ್ಲ, ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದೊಳಗಿನ ಅಂಕಿ ವಸ್ತು ಯಾವುದೆಂದು ಹೇಳುತ್ತದೆ, ಸೂತ್ರದ ಮುಂದಿನ ಅಂಕಿ ಎಷ್ಟೆಂದು ಹೇಳುತ್ತದೆ.

ಮೋಲ್ ಕುರಿತು ಗಾಬರಿ ಬೇಡ. ಡಜನ್ ಎಂದರೆ 12 ಆದಂತೆ ಮೋಲ್ ಎಂದರೆ 6.022 × 10²³ ಕಣಗಳು ಎಂದಷ್ಟೇ ಹೇಳಿ, ಗುರುಗಳು ಕೊಟ್ಟ 100, 56, 44ಕ್ಕೆ ಮರಳಿ ಬನ್ನಿ. ಅವು ಕ್ರಮವಾಗಿ ಸುಣ್ಣಕಲ್ಲು, ಸುಟ್ಟ ಸುಣ್ಣ, ಕಾರ್ಬನ್ ಡೈಆಕ್ಸೈಡ್‌ಗಳ ತಲಾ ಒಂದು ಮೋಲಿನ ರಾಶಿಗಳು. ಆಮೇಲೆ 25 ಗ್ರಾಂ ಸುಣ್ಣಕಲ್ಲಿನಿಂದ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ ಎಂದು ಕೇಳಿ. 14 ಗ್ರಾಂ ಎಂಬ ಉತ್ತರಕ್ಕಿಂತ, ಅದಕ್ಕೆ ಬಂದ ದಾರಿಯನ್ನು ಮಗುವಿನಿಂದ ಬಾಯಿಬಿಟ್ಟು ಹೇಳಿಸಿ; ಎಲ್ಲಿ ತಡವರಿಸುತ್ತದೆಯೋ ಮರುದಿನದ ಪಾಠವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು.