ಅಪ್‌ಡೇಟ್: ಜಿಯೋಥರ್ಮಲ್ ಹೀಟ್ ಪಂಪ್ ಚಳಿಯಲ್ಲಿ ನಿಲ್ಲುತ್ತಿದ್ದುದು ಸರಿಯಾಯಿತು
ಅಮೆರಿಕದ ಮಿನ್ನೆಸೋಟಾದ ನಮ್ಮ ಮನೆಗೆ ಜಿಯೋಥರ್ಮಲ್ ಹೀಟ್ ಪಂಪ್ (ನೆಲದೊಳಗಿನ ಬಿಸಿ ಎಳೆದು ಮನೆ ಬೆಚ್ಚಗಿಡುವ ಯಂತ್ರ) ಹಾಕಿಸಿದ ಮೇಲೆ, ಚಳಿ ಜಾಸ್ತಿಯಾದ ರಾತ್ರಿ ಅದರ ಕಂಪ್ರೆಸರ್ ನಿಂತು ಬರೀ ಕರೆಂಟ್ ಹೀಟರ್ ಓಡುತ್ತೆ, ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ, ಅದು ಈಗ ಸರಿಯಾಯಿತು.

ಫಿಲ್ಟರ್ ಬದಲಾಯಿಸಿದೆ, ಏನೂ ಆಗಲಿಲ್ಲ. ಪೈಪಿನಲ್ಲಿ ಗಾಳಿ ಇರಬಹುದು ಅಂದಿದ್ದರು, ಫ್ಲಶ್ ಮಾಡಿಸಿದೆ, ಅದೂ ಅಲ್ಲ. ಕೈ ಹಿಡಿದಿದ್ದು 'ಬೋರ್ಡಿನ ಜಂಪರ್ ನೋಡಿ' ಅಂದವರ ಮಾತು (ಯಂತ್ರವನ್ನು ನಡೆಸುವ ಸರ್ಕ್ಯೂಟ್ ಬೋರ್ಡಿನಲ್ಲಿ ಸೆಟ್ಟಿಂಗ್ ಬದಲಿಸಲು ಇರುವ ಪುಟ್ಟ ತಂತಿಯೇ ಜಂಪರ್). ಅವರಿಗೆ ತುಂಬಾ ಥ್ಯಾಂಕ್ಸ್.

ನಮ್ಮ ಬೋರ್‌ಗಳಲ್ಲಿ ಇಳಿಬಿಟ್ಟ ಪೈಪಿನಲ್ಲಿ ಓಡೋದು ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಿದ ನೀರು, ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಹೋದರೂ ಅದು ಹೆಪ್ಪುಗಟ್ಟಲ್ಲ. ಆದರೆ ಬೋರ್ಡಿನ ಸೆಟ್ಟಿಂಗ್ ಬರೀ ನೀರಿಗೆ ಅಂತ ಇತ್ತು, ಹಾಗಾಗಿ ಸೊನ್ನೆ ಹತ್ತಿರ ಬಂದ ಕೂಡಲೇ ಯಂತ್ರ ತಾನೇ ಬಂದ್ ಆಗುತ್ತಿತ್ತು. ಟೆಕ್ನಿಷಿಯನ್ ಮೊದಲು ಪೈಪಿನ ನೀರಿನ ಒಂದು ಹನಿಯನ್ನು ರಿಫ್ರಾಕ್ಟೋಮೀಟರ್ ಅನ್ನೋ ಅಳತೆ ಉಪಕರಣದ ಗಾಜಿನ ಮೇಲೆ ಹಾಕಿ ಗ್ಲೈಕಾಲ್ ಎಷ್ಟಿದೆ ಅಂತ ನೋಡಿದರು. ಆಮೇಲೆ ಅಕ್ಕಿಕಾಳಿನಷ್ಟಿರುವ ಆ ಜಂಪರ್ ತಂತಿ ಕತ್ತರಿಸಿ ಸೆಟ್ಟಿಂಗನ್ನು ಗ್ಲೈಕಾಲ್‌ಗೆ ಬದಲಿಸಿದರು, ಅಷ್ಟೇ. ಆಮೇಲೆ ಹೊರಗೆ −25 ಡಿಗ್ರಿಗೆ ಇಳಿದ ರಾತ್ರಿಯೂ ನಿಂತಿಲ್ಲ.

ಗ್ಲೈಕಾಲ್ ಎಷ್ಟಿದೆ ಅನ್ನೋ ಆ ಪರೀಕ್ಷೆ ಮಾಡಿಸದೆ ಮಾತ್ರ ಜಂಪರ್ ಮುಟ್ಟಬೇಡಿ. ಬರೀ ನೀರಿದ್ದರೆ ಒಳಗೇ ಹೆಪ್ಪುಗಟ್ಟಿ ಹೀಟ್ ಎಕ್ಸ್‌ಚೇಂಜರ್ (ನೀರಿನಿಂದ ಬಿಸಿ ಎಳೆದುಕೊಳ್ಳುವ ಭಾಗ) ಒಡೆಯಬಹುದು.

ಇನ್ನೊಂದು ವಿಷಯ ಗೊತ್ತೇ ಇರಲಿಲ್ಲ. ಬೇಸಿಗೆಯಲ್ಲಿ ಎಸಿ ಓಡುವಾಗ ಮನೆಯಿಂದ ಹೊರತೆಗೆದ ಬಿಸಿಯಲ್ಲಿ ಸ್ವಲ್ಪವನ್ನು ಸ್ನಾನದ ನೀರು ಕಾಯಿಸಲು ಬಳಸಬಹುದಂತೆ. ನಮ್ಮ ಯಂತ್ರದಲ್ಲೂ ಆ ಭಾಗ ಇದೆ, ಸ್ವಿಚ್ ಆಫ್ ಆಗಿತ್ತು, ಈಗ ಆನ್ ಮಾಡಿಸಿದ್ದೇನೆ.