4294967297 ಅನ್ನು 641 ಭಾಗಿಸುತ್ತದೆ ಅಂತ ಕೈಯಲ್ಲೇ ಕಂಡುಹಿಡಿಯಲು ಒಳದಾರಿ ಇದೆಯಾ?

ಮಲೆನಾಡಿನ ಅಮ್ಮ:
ಮಗಳಿಗೆ ಅವಿಭಾಜ್ಯ ಸಂಖ್ಯೆ ಹೇಳಿಕೊಡುತ್ತಾ 429 ಕೋಟಿ 49 ಲಕ್ಷ 67 ಸಾವಿರದ 297ರ ಹತ್ತಿರ ಬಂದು ನಿಂತಿದ್ದೇನೆ. ಇದು 2³² + 1. 2ರ ಘಾತವನ್ನು 1, 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ ಒಂದು ಸೇರಿಸಿದರೆ ಇದೇ ಸಾಲಿನಲ್ಲಿ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಹಾಗಾಗಿ ಮುಂದಿನವೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದು 641 × 6700417 ಅಂತ ತೋರಿಸಿದ. ನಾವಿಬ್ಬರೂ 3, 7, 11 ಅಂತ ಭಾಗಿಸುತ್ತಾ 97ರ ತನಕ ಬರುವಷ್ಟರಲ್ಲಿ ನಾಲ್ಕು ಪುಟ ತುಂಬಿತು. 641 ಅಂದರೆ 116ನೇ ಅವಿಭಾಜ್ಯ ಸಂಖ್ಯೆ. ಅಷ್ಟಕ್ಕೂ ಭಾಗಾಕಾರ ಮಾಡಲೇಬೇಕಾ?

ಮಗ್ಗಿ ಮೇಷ್ಟ್ರು:
ಬೇಡ ಮೇಡಂ, ಒಳದಾರಿ ಇದೆ. ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಗೆ ‘ಪ’ ಅನ್ನೋಣ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ ‘ಪ’ದಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 32ನೇ ಹೆಜ್ಜೆಗೆ ಶೇಷ −1, ಯಾಕೆಂದರೆ 2³² + 1 ಪೂರ್ತಿ ಭಾಗವಾಗುತ್ತದಲ್ವಾ. ಇನ್ನೂ 32 ಹೆಜ್ಜೆ ಹಾಕಿದರೆ −1 × −1, ಅಂದರೆ ವಾಪಸ್ 1. ಅಲ್ಲಿಗೆ ಒಂದು ಸುತ್ತು ಸರಿಯಾಗಿ 64 ಹೆಜ್ಜೆ. ಸುತ್ತು ಇನ್ನೂ ಚಿಕ್ಕದಾಗಿದ್ದರೆ ಅದು 64ನ್ನು ಭಾಗಿಸುವ 32, 16, 8 ಹೀಗೆ ಯಾವುದೋ ಒಂದಾಗಿ, 32ನೇ ಹೆಜ್ಜೆಯಲ್ಲೇ 1 ಬಂದುಬಿಡುತ್ತಿತ್ತು.

ಈಗ ಮುಖ್ಯವಾದ ಮಾತು. ‘ಪ − 1’ ಹೆಜ್ಜೆ ಹಾಕಿದರೆ ಶೇಷ 1 ಬಂದೇ ಬರುತ್ತದೆ, ಇದು ಫರ್ಮಾನದೇ ಪ್ರಮೇಯ. ಹಾಗಾಗಿ ‘ಪ − 1’ 64ರ ಮಗ್ಗಿಯಲ್ಲಿ ಇರಲೇಬೇಕು. ಅವನ ಊಹೆಯನ್ನು ಕೆಡವಲು ಅವನ ಪ್ರಮೇಯವೇ ಸಾಕು! ಎಷ್ಟು ಸಲ ಪಾಠ ಮಾಡಿದರೂ ಇಲ್ಲಿಗೆ ಬಂದಾಗ ನನಗೆ ಮೈ ಜುಂ ಅನ್ನುತ್ತದೆ.

64ರ ಮಗ್ಗಿಗೆ ಒಂದೊಂದು ಸೇರಿಸಿ: 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯ ಐದೇ. ಐದನೆಯದೇ 641. ಈ ನಿಯಮದ ಸಾಬೀತನ್ನು ಆಯ್ಲರ್ ಆಮೇಲೆ ಬರೆದ.

ಶೇಷ ಸೊನ್ನೆ:
ಮೇಷ್ಟ್ರೇ, ಇನ್ನೂ ಕಡಿಮೆ ಮಾಡಬಹುದು. 1878ರಲ್ಲಿ ಗಣಿತಜ್ಞ ಲ್ಯೂಕಾ 64ರ ಬದಲು 128ರ ಮಗ್ಗಿ ಸಾಕು ಅಂತ ತೋರಿಸಿದ. ಆಗ ಉಳಿಯೋದು 257, 641 ಎರಡೇ. ಅದರಲ್ಲೂ 257 ಬೇಡ, ಯಾಕೆಂದರೆ 3 × 5 × 17 × 257 × 65537 = 4294967295, ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ. ಅಂದರೆ 257ಕ್ಕೆ ಶೇಷ 2. ಮೊದಲ ಭಾಗಾಕಾರವೇ 641!

ಅಕ್ಕಾ, ಭಾಗಾಕಾರವೇ ಇಲ್ಲದೆಯೂ ಮಗಳಿಗೆ ತೋರಿಸಬಹುದು. 641 = 5 × 2⁷ + 1, ಹಾಗಾಗಿ 5 × 2⁷ರ ಶೇಷ −1. ಅದರ ನಾಲ್ಕನೇ ಘಾತ 5⁴ × 2²⁸, ಶೇಷ 1. ಇನ್ನೊಂದು ಕಡೆ 641 = 5⁴ + 2⁴, ಅಂದರೆ 5⁴ ಇದ್ದಲ್ಲಿ −2⁴ ಹಾಕಬಹುದು. ಹಾಕಿದರೆ −2³²ರ ಶೇಷ 1. ಅಂದರೆ 2³² + 1ರ ಶೇಷ ಸೊನ್ನೆ. ಮುಗೀತು.

ಮಲೆನಾಡಿನ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳು ಅಷ್ಟಕ್ಕೇ ಬಿಡಲಿಲ್ಲ, 6700417 ಅವಿಭಾಜ್ಯ ಹೌದಾ ಅಂತ ಕೇಳಿದಳು. ಅದರ ವರ್ಗಮೂಲ 2588 ಚಿಲ್ಲರೆ. ಅದನ್ನು ಭಾಗಿಸೋದು ದೊಡ್ಡ ಸಂಖ್ಯೆಯನ್ನೂ ಭಾಗಿಸಬೇಕು, ಹಾಗಾಗಿ ಇಲ್ಲೂ 128ರ ಮಗ್ಗಿಯೇ ಸಾಕು. 257 ಬಿಟ್ಟರೆ ಉಳಿದದ್ದು 641, 769, 1153, 1409, ನಾಲ್ಕೇ. ರಾತ್ರಿ ಊಟ ಆದ ಮೇಲೆ ಕೂತು ಅವಳೇ ಭಾಗಿಸಿದಳು. ಶೇಷ ಬಂದದ್ದು 44, 120, 334, 622. ಒಂದೂ ಸೊನ್ನೆ ಇಲ್ಲ.