ಹತ್ತು ನಿಮಿಷಕ್ಕೆ ಸೊರಗುವ ಔಟ್‌ಬೋರ್ಡ್ ಮೋಟಾರ್: ದೋಷ ಸೆನ್ಸರಿನದೋ, ಪೆಟ್ರೋಲಿನದೋ?

ಪ್ರಶ್ನೆ

ಮಾನ್ಯರೇ, ನಾನು ಬೆಳ್ಳಂದೂರಿನ ಸಮೀಪದ ಬಡಾವಣೆಯೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ರಸ್ತೆಗಳು ಮುಳುಗಿ, ವಯಸ್ಸಾದವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಗಿ ಬಂದ ಮೇಲೆ, ಸಂಘದ ವತಿಯಿಂದ ಗಾಳಿ ತುಂಬುವ ದೋಣಿಯೊಂದನ್ನೂ 30 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಇಎಫ್‌ಐ (ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಚಿಮ್ಮಿಸುವ) ಔಟ್‌ಬೋರ್ಡ್ ಮೋಟಾರನ್ನೂ, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನನ್ನೂ, ಕೊಂಡೆವು. ವರ್ಷದ ಬಹುಪಾಲು ಅದು ಬೇಸ್‌ಮೆಂಟಿನಲ್ಲಿಯೇ ಇರುತ್ತದೆ.

ಈ ಸಲ ಮುಂಗಾರಿಗೆ ಮುನ್ನ ಅನುಮತಿ ಪಡೆದು ಕೆರೆಗೆ ಇಳಿಸಿದಾಗ, ಮೋಟಾರ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಿಧಾನದ ವೇಗದಲ್ಲಿ ಎಷ್ಟು ಹೊತ್ತು ಬೇಕಾದರೂ ಓಡಿತು. ಆದರೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹತ್ತು ನಿಮಿಷ ಕಳೆಯುತ್ತಿದ್ದಂತೆ ಉಸಿರು ಕಟ್ಟಿದಂತಾಗಿ, ಏರುತ್ತ ಇಳಿಯುತ್ತ ಕೊನೆಗೆ ನಿಂತುಹೋಯಿತು. ಎಚ್ಚರಿಕೆಯ ಬೀಪ್ ಬರಲಿಲ್ಲ. ಐದು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ ನೋಡಿ, ಎಂಜಿನ್ ನಿಂತಿರುವಾಗ ಮ್ಯಾಪ್ ಸೆನ್ಸರ್ (ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) 101 ಕಿಲೋಪಾಸ್ಕಲ್ ತೋರಿಸಬೇಕು, ಇದು 91 ತೋರಿಸುತ್ತಿದೆ ಎಂದು ಅದನ್ನು ಬದಲಿಸಿದರು. ಹೊಸದೂ 91 ಅನ್ನೇ ತೋರಿಸುತ್ತಿದೆ. ನೀರಿನ ಉಷ್ಣತೆಯ ಸೆನ್ಸರನ್ನೂ ಬದಲಿಸಿದ್ದಾಯಿತು. ಈಗ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಹೋಗಿದೆ ಎನ್ನುತ್ತಿದ್ದಾರೆ. ಇನ್ನೊಂದು ವಿಷಯ: ಮೋಟಾರ್ ನಿಂತಾಗ ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬ್ ಒಣಗಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿತ್ತು. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ

ಕಾರ್ಯದರ್ಶಿಗಳೇ, ದಯವಿಟ್ಟು ಇಸಿಯುಗೆ ಹಣ ಕೊಡಬೇಡಿ. ನೀವು ಕೊನೆಯಲ್ಲಿ ಬರೆದ ಆ ಚಪ್ಪಟೆ ಬಲ್ಬ್‌ನಲ್ಲಿಯೇ ನಿಮ್ಮ ಉತ್ತರವಿದೆ.

ಮೊದಲು 91ರ ವಿಷಯ. ಕೀ ಆನ್ ಮಾಡಿ ಎಂಜಿನ್ ಓಡಿಸದೆ ಇರುವಾಗ ಮ್ಯಾಪ್ ಸೆನ್ಸರ್ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. 101 ಎಂಬುದು ಸಮುದ್ರಮಟ್ಟದ ಲೆಕ್ಕ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಅದು ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ 91ರ ಆಸುಪಾಸು. ಹಳೆಯ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು, ಹೊಸದೂ ಹೇಳುತ್ತಿದೆ. ಎಂಜಿನ್ ನಿಧಾನಕ್ಕೆ ಓಡುವಾಗ ಈ ಅಂಕಿ ಬಹಳ ಕೆಳಗಿಳಿದು, ಆಕ್ಸಿಲರೇಟರ್ ಕೊಟ್ಟಾಗ ಮೇಲೇರಿದರೆ ಆ ಸೆನ್ಸರನ್ನು ಅನುಮಾನಿಸಲು ಕಾರಣವಿಲ್ಲ.

ಇನ್ನು ಬಲ್ಬ್. ಮೋಟಾರಿನ ಫ್ಯೂಯೆಲ್ ಪಂಪ್ ಬಲ್ಬಿನ ಮೂಲಕ ಪೆಟ್ರೋಲನ್ನು ಎಳೆಯುತ್ತದೆ. ಎಳೆದಷ್ಟು ಟ್ಯಾಂಕಿನ ಕಡೆಯಿಂದ ಬಾರದಿದ್ದಾಗ ಬಲ್ಬ್ ಒಳಕ್ಕೆ ಕುಸಿಯುತ್ತದೆ. ಹಾಗಾಗಿ ಅಡಚಣೆ ಇರುವುದು ಬಲ್ಬ್ ಮತ್ತು ಟ್ಯಾಂಕಿನ ನಡುವೆ: ಟ್ಯಾಂಕಿನ ಗಾಳಿರಂಧ್ರ, ಒಳಗಿನ ಹೀರುಕೊಳವೆ ಮತ್ತು ಅದರ ಜಾಲರಿ, ಕನೆಕ್ಟರ್, ಪೈಪ್, ಇಷ್ಟರಲ್ಲಿಯೇ ಒಂದು. ಬಲ್ಬ್ ಚಪ್ಪಟೆಯಾಗದೆ ಬರೀ ಮೆತ್ತಗಾಗಿದ್ದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆಯೇ ಎಂದು ನೋಡಬೇಕಿತ್ತು. ನಿಧಾನದಲ್ಲಿ ಗಂಟೆಗೆ ಒಂದು ಲೀಟರ್ ಕುಡಿಯುವ ಈ ಎಂಜಿನ್ ಪೂರ್ತಿ ವೇಗದಲ್ಲಿ ಹತ್ತು ಲೀಟರಿನಷ್ಟು ಕೇಳುತ್ತದೆ. ಅರ್ಧ ಕಟ್ಟಿದ ದಾರಿ ಒಂದು ಲೀಟರಿಗೆ ಸಾಕು, ಹತ್ತಕ್ಕೆ ಸಾಲದು. ಎಂಜಿನ್ನಿನೊಳಗಿನ, ಪೆಟ್ರೋಲಿನಿಂದ ಆವಿಯನ್ನು ಬೇರ್ಪಡಿಸುವ ಪುಟ್ಟ ಪಾತ್ರೆಯಾದ ವೇಪರ್ ಸೆಪರೇಟರ್‌ನಲ್ಲಿ ಸ್ವಲ್ಪ ಪೆಟ್ರೋಲ್ ಸಂಗ್ರಹವಿರುವುದರಿಂದ ಕೊರತೆ ಕೂಡಲೇ ಕಾಣಿಸದೆ ತಡವಾಗಿ ಕಾಣಿಸುತ್ತದೆ. ಮನೆಯಲ್ಲಿ ತಂಪಿಗೆ ನಲ್ಲಿಯ ಪೈಪ್ ಜೋಡಿಸಿ ನಿಧಾನಕ್ಕೆ ಓಡಿಸಿದಾಗ ಇಂಥ ದೋಷ ಸಿಗದಿರುವುದೂ ಆಗ ಕಡಿಮೆ ಪೆಟ್ರೋಲ್ ಸಾಕಾಗುವುದರಿಂದಲೇ.

ಸೆನ್ಸರ್ ದೋಷ ಹೀಗೆ ವರ್ತಿಸುವುದು ಅಪರೂಪ. ಎಂಜಿನ್ ಮಿತಿಮೀರಿ ಬಿಸಿಯಾದರೆ ಕಂಪ್ಯೂಟರ್ ವೇಗವನ್ನು ಒಮ್ಮೆಗೇ ಇಳಿಸುತ್ತದೆ, ಜೊತೆಗೆ ಬೀಪ್ ಮಾಡುತ್ತದೆ. ನಿಮ್ಮದು ಏರಿಳಿಯುತ್ತ ಸೊರಗಿದೆ.

ಈಗ ಮಾಡಬೇಕಾದುದು ಇಷ್ಟು. ಕೆರೆಯಲ್ಲಿ ಪೂರ್ತಿ ವೇಗದಲ್ಲಿ ಓಡಿಸುತ್ತ, ಮೋಟಾರ್ ಸೊರಗಲು ಶುರುವಾದ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ಪೂರ್ತಿ ಸಡಿಲಿಸಿ. ಗಾಳಿಯ ಸ್ಕ್ರೂ ತೆರೆದಿದ್ದೇವೆ ಎಂದು ನಂಬಿ ಕೂರಬೇಡಿ, ಆ ಸಣ್ಣ ರಂಧ್ರದಲ್ಲಿ ಕಣಜದ ಹುಳು ಮಣ್ಣು ಮೆತ್ತಿದ್ದನ್ನು ನಾನೇ ಪಿನ್ನಿನಿಂದ ತೆಗೆದಿದ್ದೇನೆ. ಅದರಿಂದ ಚೇತರಿಸಿಕೊಳ್ಳದಿದ್ದರೆ ಬೇರೊಂದು ಟ್ಯಾಂಕ್, ಬೇರೊಂದು ಪೈಪ್, ಬಲ್ಬ್, ಹೊಸ ಪೆಟ್ರೋಲ್ ಜೋಡಿಸಿ ಅದೇ ಓಟ ಓಡಿಸಿ. ದೋಷ ಮಾಯವಾದರೆ ಎಂಜಿನ್ ನಿರ್ದೋಷಿ. ಒಂದು ಕಳಕಳಿಯ ಮಾತು: ಪೆಟ್ರೋಲಿನ ಯಾವ ಕೆಲಸವನ್ನೂ ಬೇಸ್‌ಮೆಂಟಿನಲ್ಲಿ ಮಾಡಬೇಡಿ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ದೂರದ ಕಿಡಿಯನ್ನೂ ತಲುಪುತ್ತದೆ.

ಪ್ರಶ್ನಿಸಿದವರ ಮರುಬರಹ

ಧನ್ಯವಾದಗಳು. ಮುಚ್ಚಳ ಸಡಿಲಿಸಿದಾಗ ಬದಲಾವಣೆ ಕಾಣಲಿಲ್ಲ. ಎರವಲು ತಂದ ಟ್ಯಾಂಕ್ ಮತ್ತು ಪೈಪಿನಲ್ಲಿ ನಲವತ್ತು ನಿಮಿಷ ನಿಲ್ಲದೆ ಓಡಿತು. ನಮ್ಮ ಟ್ಯಾಂಕಿಗೆ ಆ ಎರವಲು ಪೈಪ್ ಹಾಕಿದಾಗಲೂ ಓಡಿತು. ಆಮೇಲೆ ನಮ್ಮ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆವು. ಹೊರಗೆ ಹೊಸದರಂತಿದ್ದ ಪೈಪಿನ ಒಳಪದರ, ಕನೆಕ್ಟರಿನಿಂದ ನಾಲ್ಕು ಬೆರಳು ದೂರದಲ್ಲಿ ಊದಿ, ಕಾದ ಹಾಲಿನ ಕೆನೆಯಂತೆ ಎದ್ದು ನಿಂತಿತ್ತು. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದರೆ ಎರಡು ಪದರಗಳು ಕಾಣುತ್ತಿವೆ. ಕೆಳಗಿನದು ನೀರೇ? ಅದು ಎಂಟು ತಿಂಗಳ ಹಿಂದಿನ ಪೆಟ್ರೋಲ್.

ಉತ್ತರ

ಬಹಳ ಚೆನ್ನಾಗಿ ಹುಡುಕಿದ್ದೀರಿ. ಎಂಜಿನ್ ಎಳೆದಷ್ಟೂ ಆ ಪದರ ಕವಾಟದಂತೆ ದಾರಿ ಮುಚ್ಚುತ್ತಿತ್ತು. ನಿಲ್ಲಿಸಿದರೆ ಎಳೆತ ತಗ್ಗಿ, ಪೆಟ್ರೋಲ್ ನಿಧಾನಕ್ಕೆ ಜಿನುಗಿ ಬಲ್ಬ್ ಮತ್ತೆ ತುಂಬಿಕೊಳ್ಳುತ್ತಿತ್ತು. ಐದು ನಿಮಿಷದ ವಿಶ್ರಾಂತಿಯ ಗುಟ್ಟು ಇಷ್ಟೇ.

ಬಾಟಲಿಯ ಕೆಳಪದರ ನೀರು ಮತ್ತು ಎಥೆನಾಲ್ ಎರಡೂ ಸೇರಿದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಡನೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಹೀರುಕೊಳವೆ ಇರುವುದೂ ಅಲ್ಲಿಯೇ. ಈ ಪೆಟ್ರೋಲನ್ನು ಕಲಕಿ ಬಳಸುವ ಯೋಚನೆ ಬೇಡ. ಅದನ್ನು ಚರಂಡಿಗೂ ಸುರಿಯಬೇಡಿ, ಹಳೆಯ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿ. ಎಥೆನಾಲ್ ತಡೆಯುವ ಮೆರೈನ್ ಪೈಪ್, ಹೊಸ ಬಲ್ಬ್, ಹೊಸ ಫಿಲ್ಟರ್ ಹಾಕಿ, ವೇಪರ್ ಸೆಪರೇಟರಿನ ತಳದ ಸ್ಕ್ರೂ ಬಿಚ್ಚಿ ಅಲ್ಲಿ ಉಳಿದಿರುವುದನ್ನೂ ಹರಿಸಿಬಿಡಿ. ಅದನ್ನು ಬಿಟ್ಟರೆ ನೀರು ಇಂಜೆಕ್ಟರ್ ತಲುಪುತ್ತದೆ, ಆಗ ಖರ್ಚು ದೊಡ್ಡದು.

ಮತ್ತೊಬ್ಬ ಸದಸ್ಯರ ಪ್ರಶ್ನೆ

ಸರ್, ಹಾಗಾದರೆ ಈ ಪೆಟ್ರೋಲನ್ನು ದೋಣಿಗೆ ಹಾಕಲೇಬಾರದೇ? ಉಷ್ಣತೆಯ ಸೆನ್ಸರನ್ನು ನಾವೇ ಪರೀಕ್ಷಿಸಲು ಬರುತ್ತದೆಯೇ?

ಉತ್ತರ

ಔಟ್‌ಬೋರ್ಡ್ ತಯಾರಕರಲ್ಲಿ ಬಹುತೇಕರು ಶೇಕಡಾ 10ರವರೆಗಿನ ಎಥೆನಾಲಿಗೆ ಮಾತ್ರ ಒಪ್ಪಿಗೆ ಕೊಡುತ್ತಾರೆ. ನಿಮ್ಮ ಕೈಪಿಡಿಯಲ್ಲಿರುವ ಮಿತಿಯನ್ನು ನೋಡಿ, ಅದರೊಳಗಿನ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಯಾವುದನ್ನು ಹಾಕಿದರೂ ಅದನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿಸಬೇಡಿ. ತುರ್ತಿಗೆಂದು ಇಟ್ಟ ದೋಣಿಯಾದರೆ ಟ್ಯಾಂಕನ್ನು ಖಾಲಿ ಇಟ್ಟು, ಮಳೆಗಾಲದಲ್ಲಿ ಮಾತ್ರ ತುಂಬಿ, ಮೂರು ನಾಲ್ಕು ವಾರಕ್ಕೊಮ್ಮೆ ಆ ಪೆಟ್ರೋಲನ್ನು ಅದಕ್ಕೆ ಹೊಂದುವ ಕಾರಿಗೆ ಬಳಸಿ ಹೊಸದನ್ನು ಹಾಕುವುದು ನನ್ನ ಸಲಹೆ.

ಸೆನ್ಸರಿನ ಪರೀಕ್ಷೆ ಸುಲಭ. ಅದನ್ನು ಬಿಚ್ಚಿ, ತುದಿ ಮಾತ್ರ ಮುಳುಗುವಂತೆ ನೀರಿನ ಪಾತ್ರೆಯಲ್ಲಿ ಹಿಡಿದು, ಥರ್ಮಾಮೀಟರ್ ಇಟ್ಟು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ನೀರನ್ನು ನಿಧಾನಕ್ಕೆ ಕಾಯಿಸಿ. ಬಿಸಿ ಏರಿದಂತೆ ಅಂಕಿ ಜಿಗಿಯದೆ ಇಳಿಯುತ್ತಾ ಹೋಗಿ, ಕೈಪಿಡಿಯ ಪಟ್ಟಿಗೆ ಹತ್ತಿರವಿದ್ದರೆ ಅದು ಚೆನ್ನಾಗಿದೆ. ಬಿಚ್ಚುವ ಮೊದಲು ಕನೆಕ್ಟರಿನ ಪಿನ್ನುಗಳನ್ನು ಟಾರ್ಚ್ ಹಿಡಿದು ನೋಡಿ. ಎರರ್ ಕೋಡ್ ಹೇಳುವುದು ಆ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ, ಮತ್ತು ಹಲವು ಸಲ ಆ ತೊಂದರೆ ಹಸಿರು ಕಿಲುಬು ಹಿಡಿದ ಒಂದು ಪಿನ್ನಾಗಿರುತ್ತದೆ.

ಕಾರ್ಯದರ್ಶಿಗಳೇ, ಬಿಚ್ಚಿಟ್ಟ ಹಳೆಯ ಎರಡು ಸೆನ್ಸರುಗಳನ್ನು ಎಸೆಯಬೇಡಿ. ಮ್ಯಾಪ್ ಸೆನ್ಸರ್ ಚೆನ್ನಾಗಿಯೇ ಇದೆ, ಉಷ್ಣತೆಯದನ್ನು ಮೇಲಿನಂತೆ ಪರೀಕ್ಷಿಸಿ, ಸರಿಯಿದ್ದರೆ ಎರಡಕ್ಕೂ ಚೀಟಿ ಕಟ್ಟಿ ದೋಣಿಯ ಪೆಟ್ಟಿಗೆಯಲ್ಲಿ ಬಿಡಿಭಾಗವಾಗಿ ಇಟ್ಟುಕೊಳ್ಳಿ.